ಒಂದಕ್ಕಿಂತ ಮೊದಲಿನ ಎರಡು ಏಟು

ಫೆಬ್ರವರಿ 7, 1989, ಮಂಗಳವಾರ

ಥರ್ಮನ್ ಇವತ್ತು ನನ್ನನ್ನು ಬ್ಯಾಂಡಿನಿಂದ ತೆಗೆದ. ತೆಗೆಯುವ ಮೊದಲು ನಮ್ಮಮ್ಮ ಟೊಮೇಟೊ ಹಾಕಿ ಮಾಡಿದ ಕೆಂಪನ್ನ ಎರಡು ತಟ್ಟೆ ತಿಂದ, ಸೀಗಡಿಗಳನ್ನು ಹುಡುಕಿ ಹುಡುಕಿ. ಆಮೇಲೆ ಗ್ಯಾರೇಜಿಗೆ ಬಂದು, ನನ್ನ ಡ್ರಮ್ಮುಗಳ ಮುಂದೆ ನಿಂತು, ನೆಲ ನೋಡುತ್ತ ಹೇಳಿದ.

"ಲೋ ಎಜೆಲ್, ನೀನು ತಡ ಕಣೋ."

"ಹತ್ತು ನಿಮಿಷ ತಾನೇ? ಸ್ನಾನಕ್ಕೆ ಹೋಗಿದ್ದೆ."

"ನಿಮ್ಮನೆ ಗ್ಯಾರೇಜಿಗೇ ನೀನು ತಡವಾಗಿ ಬರ್ತೀಯಲ್ಲ, ಅದನ್ನ ಒಂಬತ್ತು ವರ್ಷ ಸಹಿಸ್ಕೊಂಡಿದೀನಿ. ನಾನು ಹೇಳ್ತಿರೋದು ಬೇರೆ. ಒಂದಕ್ಕೆ ತಡ ನೀನು. ನನ್ನ ಬೇಸ್ ಗಿಟಾರ್ ಹೋಗಿ ಒಂದರ ಮೇಲೆ ಕೂತ್ಕೊಂಡು ನಿನ್ನ ದಾರಿ ಕಾಯುತ್ತೆ."

ಒಂದಕ್ಕೆ ತಡವಂತೆ! ನಾಲ್ಕರ ಎಣಿಕೆಯಲ್ಲಿ ಆ ಮೊದಲ ಏಟಿನ ಮೇಲೆ ತಾನೇ ಫಂಕ್ ಸಂಗೀತದ ಇಡೀ ಭಾರ ಬೀಳುವುದು? ಅದಕ್ಕೆ ತಡ ಎಂದರೆ ಅಡುಗೆಯವನಿಗೆ ಉಪ್ಪು ಗೊತ್ತಿಲ್ಲ ಎಂದಂತೆ. ರೆಕಾರ್ಡ್ ಕಂಪನಿಯವರು ಡ್ರಮ್ಮರ್ ಬದಲಾದರೆ ಮಾತ್ರ ಆಲ್ಬಮ್ ಎಂದಿದ್ದಾರೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಟಿನ್ ಮ್ಯೂಲ್ ಎಂದು ಈ ಬ್ಯಾಂಡಿಗೆ ಹೆಸರಿಟ್ಟವನು ನಾನು. ಇದನ್ನು ಮೂರು ಸಲ ಹೇಳಿದೆ. ಅವನು ಮೂರು ಸಲವೂ ಹೌದು ಎಂದ.

ಅಮ್ಮನಿಗೆ ನಾನೇ ಬಿಟ್ಟೆ ಎಂದೆ. ಅವಳು ಪಾತ್ರೆ ಒರೆಸುತ್ತ, "ಹಾಗಾದ್ರೆ ಮಂಗಳವಾರ ಗ್ಯಾರೇಜು ಖಾಲಿ" ಎಂದಳು, ಅಷ್ಟೇ. ಅವಳಿಗೆ ಒಳಗೊಳಗೇ ಖುಷಿಯಿರಬೇಕು. ಅಡುಗೆಮನೆಗೂ ಗ್ಯಾರೇಜಿಗೂ ಇರುವುದು ಒಂದೇ ಗೋಡೆ. ನಾವು ನುಡಿಸುವಾಗಲೆಲ್ಲ ಅವಳು ಪೊರಕೆಯ ಉದ್ದ ಮರದ ಹಿಡಿಯಿಂದ ಬಡಿದು ಬಡಿದು ಆ ಗೋಡೆಯ ಬಣ್ಣ ಒಂದು ಕಡೆ ಕಿತ್ತುಹೋಗಿದೆ. ಸಂಗೀತಗಾರನಿಗೆ ಮನೆಯಲ್ಲೇ ಇಷ್ಟು ಮರ್ಯಾದೆ.

ಫೆಬ್ರವರಿ 21

ಹೊಸ ಡ್ರಮ್ಮರ್ ಹುಡುಗಿಯಂತೆ! ಥರ್ಮನ್ ತನ್ನ ಆಂಪ್ಲಿಫೈಯರ್ ಒಯ್ಯಲು ಬಂದಿದ್ದಾಗ ಬಾಯಿಬಿಟ್ಟ. ಇಪ್ಪತ್ತೆರಡು ವರ್ಷ, ಲಾಸ್ ಏಂಜಲೀಸಿನ ಆ ಕಡೆಯ ಬಾಯ್ಲ್ ಹೈಟ್ಸ್ ಬಡಾವಣೆಯವಳು, ಮದುವೆಮನೆಗಳಿಗೆ ಹೋಗುವ ಅಪ್ಪನ ಬ್ಯಾಂಡಿನಲ್ಲಿ ನುಡಿಸುತ್ತಿದ್ದಳಂತೆ. ಅಕ್ಟೋಬರಿನಲ್ಲಿ ನಾವು ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟನ್ನು ಅವಳಿಗೆ ಕೊಟ್ಟು, ಒಂಬತ್ತು ಹಾಡೂ ಕಲಿತುಕೊಂಡು ಬಾ ಎಂದನಂತೆ. ನಾಲ್ಕು ದಿನದಲ್ಲಿ ಬಂದಳಂತೆ.

ಅಂದರೆ ನನ್ನನ್ನು ಕೇಳಿ, ನನ್ನನ್ನೇ ಬಾಯಿಪಾಠ ಮಾಡಿ, ನನ್ನ ಜಾಗದಲ್ಲಿ ಕೂತಿದ್ದಾಳೆ. ನಾನು ತಡ, ನನ್ನ ನಕಲು ಸರಿ!

"ಹೆಂಗೆ ನುಡಿಸ್ತಾಳೆ?" ಎಂದು ಕೇಳಬಾರದಿತ್ತು, ಕೇಳಿದೆ. ಥರ್ಮನ್ ಆಂಪ್ಲಿಫೈಯರ್ ಎತ್ತುತ್ತ, "ಚೆನ್ನಾಗಿ" ಎಂದ. ಇನ್ನೂ ಏನೋ ಹೇಳುವವನಿದ್ದ, ನನ್ನ ಮುಖ ನೋಡಿ ನುಂಗಿಕೊಂಡ.

ಮಾರ್ಚ್ 13

ಶಾಲಾ ಬಸ್ಸು ಓಡಿಸುವ ಕೆಲಸ ಸಿಕ್ಕಿತು. ಮೊದಲ ದಿನವೇ ಹನ್ನೆರಡು ನಿಮಿಷ ತಡ. ಮಕ್ಕಳು ರಸ್ತೆಯಂಚಿನಲ್ಲಿ ಸಾಲಾಗಿ ಕೂತು ನನ್ನನ್ನು ನೋಡಿದ ರೀತಿ ಥರ್ಮನ್‌ನದೇ.

ಏಪ್ರಿಲ್ 4

ಇವತ್ತು ಮಂಗಳವಾರ. ಅವರು ಸ್ಟುಡಿಯೋದಲ್ಲಿದ್ದಾರೆ. ಕೆಟ್ಟುಹೋಗಲಿ.

ಏಪ್ರಿಲ್ 5

ನಿನ್ನೆ ಬರೆದದ್ದನ್ನು ಹೊಡೆದುಹಾಕೋಣವೆಂದುಕೊಂಡೆ. ಹೊಡೆದುಹಾಕಲಿಲ್ಲ.

ಆಗಸ್ಟ್ 12

ಕ್ಷೌರಕ್ಕೆ ಹೋಗಿ ಅರ್ಧ ತಲೆ ಕತ್ತರಿಸಿಕೊಂಡು ಎದ್ದು ಬಂದೆ. ಏಮಸ್ ಮಾವನ ಅಂಗಡಿಯ ರೇಡಿಯೋದಲ್ಲಿ "ಬಿಸಿ ಡಾಂಬರು" ಬಂತು. ನಮ್ಮ ಹಾಡು! ಆಲ್ಬಮ್ಮಿಗೂ ಅದೇ ಹೆಸರಿಟ್ಟಿದ್ದಾರಂತೆ. ಊರೆಲ್ಲ ಅದೇ ಅಂತೆ. ನಾನು ಬೇಕೆಂದೇ ಮೂರು ವಾರದಿಂದ ರೇಡಿಯೋ ಹಾಕಿರಲಿಲ್ಲ.

ಹಾಡು ಶುರುವಾಗಿ ಎರಡನೇ ಸಾಲಿಗೆ ಕುರ್ಚಿಯಲ್ಲಿದ್ದವರು, ಬೆಂಚಿನಲ್ಲಿದ್ದವರು ಎಲ್ಲರೂ ಒಟ್ಟಿಗೆ ನೆಲಕ್ಕೆ ಕಾಲು ಬಡಿದರು. ದಡ್-ದಡ್. ಸರಿಯಾಗಿ ಒಂದು ಬೀಳುವುದಕ್ಕೆ ಮೊದಲು. ಆಮೇಲೆ ಒಂದು ಬಿದ್ದಾಗ ಇಡೀ ಅಂಗಡಿಯೇ ತಲೆಯಾಡಿಸಿತು.

"ಯಾವನೋ ಇವನು!" ಎಂದು ಏಮಸ್ ಮಾವ ಕತ್ತರಿ ಮೇಲೆತ್ತಿದ. "ಒಂದು ಬರೋಕೆ ಮುಂಚೆ ಬಾಗಿಲು ತಟ್ತಾನಲ್ಲ!"

"ತಟ್ಟೋನಲ್ಲ ಮಾವ, ತಟ್ಟೋಳು," ಎಂದ ಬೆಂಚಿನಲ್ಲಿದ್ದವನೊಬ್ಬ. "ಹುಡುಗಿ ಅಂತೆ."

"ಹುಡುಗೀನಾ? ಅವಳ ಕೈಗೆ ಚಿನ್ನದ ಬಳೆ ಹಾಕ್ಬೇಕು."

ನನಗೆ ತಡೆಯಲಾಗಲಿಲ್ಲ. "ಆ ಏಟು ನನ್ನದು," ಎಂದೆ. "ಗ್ಯಾರೇಜಿನ ಕ್ಯಾಸೆಟ್ಟಿನಲ್ಲಿದೆ. ಅದನ್ನ ಕೇಳಿ ಕದ್ದಿದ್ದಾಳೆ."

"ಹೌದಪ್ಪ," ಎಂದ ಏಮಸ್ ಮಾವ, "ರೇಡಿಯೋ ಕಂಡುಹಿಡಿದವನೂ ನೀನೇ. ತಲೆ ಬಗ್ಗಿಸು."

ನಕ್ಕರು. ಎದ್ದು ಬಂದೆ. ಅರ್ಧ ತಲೆಗೆ ಟೋಪಿ ಹಾಕಿಕೊಂಡು ರೆಕಾರ್ಡ್ ಅಂಗಡಿಗೆ ಹೋಗಿ ಆಲ್ಬಮ್ ಕೊಂಡೆ. ಹಿಂದಿನ ರಕ್ಷಾಪುಟದಲ್ಲಿ ಅವಳ ಚಿತ್ರ. ರೆನಾಟಾ ಒಲ್ಗಿನ್, ಡ್ರಮ್ಸ್. ಕುಳ್ಳಿ. ಹಲ್ಲು ಬಿಟ್ಟುಕೊಂಡು ನಗುತ್ತಿದ್ದಾಳೆ. ನನ್ನ ಹೆಸರು ಭೂತಗನ್ನಡಿ ಹಿಡಿದು ಹುಡುಕಿದರೂ ಇಲ್ಲ, ಕೃತಜ್ಞತೆಯಲ್ಲೂ ಇಲ್ಲ. ಸ್ಟುಡಿಯೋಗೆ ಊಟಕ್ಕೆ ಟಾಕೋ ತಂದುಕೊಟ್ಟವನ ಹೆಸರಿದೆ.

ಆಗಸ್ಟ್ 13

ಹನ್ನೊಂದು ಸಲ ಕೇಳಿದೆ. ಚೆನ್ನಾಗಿದೆ. ಅದೇ ಹೊಟ್ಟೆಯುರಿ. ಕೆಟ್ಟದಾಗಿದ್ದಿದ್ದರೆ ಇವತ್ತು ಹಬ್ಬ ಮಾಡುತ್ತಿದ್ದೆ.

ಸೆಪ್ಟೆಂಬರ್ 14

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಯಿತು. ಬಸ್ಸಿನಲ್ಲಿ ಮೂವತ್ತಾರು ಮಕ್ಕಳು, ಎಪ್ಪತ್ತೆರಡು ಕೈ. ಹಿಂದಿನ ಸೀಟಿನ ಲಟಾಂಜಾ ಎಂಬವಳು ಹಾಡು ಎತ್ತುತ್ತಾಳೆ, ಮಿಕ್ಕವರು ಮುಂದಿನ ಸೀಟಿನ ಬೆನ್ನಿಗೆ ದಡ್-ದಡ್. ಬೆಳಗ್ಗೆಯೂ, ಮಧ್ಯಾಹ್ನವೂ.

"ಬಡಿಬೇಡಿ! ಬಡಿದವರನ್ನ ಇಲ್ಲೇ ಇಳಿಸ್ತೀನಿ!" ಎಂದು ಕಿರುಚಿದೆ. ಕೈಗಳೆಲ್ಲ ತೊಡೆಯ ಮೇಲೆ ಹೋದವು. ಆಮೇಲೆ ಯಾರೋ ಒಬ್ಬಳು ಮೆಲ್ಲಗೆ, ಬೆರಳಿನಿಂದ, ದಡ್-ದಡ್.

ಸೆಪ್ಟೆಂಬರ್ 19, ಮಂಗಳವಾರ

ಥರ್ಮನ್‌ನನ್ನು ಡೋನಟ್ ಅಂಗಡಿಯಲ್ಲಿ ಹಿಡಿದೆ. ಹೊಸ ಕೋಟು ಹಾಕಿದ್ದಾನೆ. ಕೇಳಬೇಕಾದ್ದನ್ನೆಲ್ಲ ಕೇಳಿದೆ: ಆ ಎರಡು ಏಟು ಯಾರದು? ಕ್ಯಾಸೆಟ್ಟಿನಲ್ಲಿ ಇತ್ತೋ ಇಲ್ಲವೋ?

"ಇತ್ತು," ಎಂದ. "ನಾನೂ ಗಮನಿಸಿರ್ಲಿಲ್ಲ ಕಣೋ. ನನ್ನ ಆಂಪ್ಲಿಫೈಯರ್ ಸದ್ದಲ್ಲಿ ನನಗೆಲ್ಲಿ ಕೇಳ್ಬೇಕು? ಅವಳು ಬಂದು ನುಡಿಸಿದಾಗ ಇದೆಲ್ಲಿಂದ ತಂದೆ ಅಂದೆ. ಕ್ಯಾಸೆಟ್ ಹಾಕಿ ತೋರಿಸಿದಳು."

"ಹಾಗಾದ್ರೆ ನನ್ನ ಹೆಸರು?"

ಅವನು ಡೋನಟ್ ಕೆಳಗಿಟ್ಟ. ಇಷ್ಟು ವರ್ಷದಲ್ಲಿ ಅವನು ಅರ್ಧ ತಿಂದ ಡೋನಟ್ ಕೆಳಗಿಟ್ಟದ್ದನ್ನು ನಾನು ನೋಡಿಲ್ಲ. "ನೀನು ಹೇಳೋದು ನ್ಯಾಯ," ಎಂದ. "ಎರಡನೇ ಮುದ್ರಣಕ್ಕೆ ಹೊಸ ರಕ್ಷಾಪುಟ ಮಾಡ್ತಿದಾರೆ. ಅಕ್ಟೋಬರ್ ಹದಿಮೂರು, ಶುಕ್ರವಾರದೊಳಗೆ ಕೊಡ್ಬೇಕು. 'ಆ ತಾಳ ಎಜೆಲ್ ಮಂಗಿನ್ ಅವರದು' ಅಂತ ಹಾಕಿಸ್ತೀನಿ. ಆದರೆ ಒಂದ್ಸಲ ಬಂದು ಅವಳನ್ನ ನೋಡು. ನಿನ್ನ ಕಾಣ್ಬೇಕು ಅಂತ ಪ್ರಾಣ ತಿಂತಿದಾಳೆ."

ಬರುತ್ತೇನೆ ಎಂದೆ. ಮನೆಗೆ ಬರುವಾಗ ಶಿಳ್ಳೆ ಹಾಕಿದೆನಂತೆ, ಅಮ್ಮ ಹೇಳಿದಳು.

ಸೆಪ್ಟೆಂಬರ್ 23

ಹೋಗಿದ್ದೆ. ಅಭ್ಯಾಸದ ಕೋಣೆಯಲ್ಲಿ ಸದ್ದು ತಡೆಯಲು ಕಂಬಳಿ ಹೊದಿಸಿದ ಗೋಡೆ, ಏಸಿ, ಎಲ್ಲ ಇದೆ. ಆ ಹುಡುಗಿ ಎದ್ದು ನಿಂತು ಎರಡೂ ಕೈಯಿಂದ ನನ್ನ ಕೈ ಹಿಡಿದಳು.

"ಮಿಸ್ಟರ್ ಮಂಗಿನ್! ನಾನು ಡ್ರಮ್ಸ್ ನಿಮ್ಮಿಂದಾನೇ ಕಲ್ತಂಗಾಯ್ತು."

ಮಿಸ್ಟರ್ ಅಂತೆ! ನನಗೆ ಮೂವತ್ತೊಂದು.

"ಒಂದು ಕೇಳ್ಲಾ? ಆ ಎರಡು ಏಟು ಯಾವ ಡ್ರಮ್ಮಿನ ಮೇಲೆ ಹೊಡೆದಿರಿ? ಅಷ್ಟು ದಪ್ಪ ಸದ್ದು, ಸ್ವಲ್ಪಾನೂ ಗುಂಯ್ ಅನ್ನಲ್ಲ. ಸ್ಟುಡಿಯೋದಲ್ಲಿ ಮೂರು ದಿನ ಹುಡುಕಿದೆ. ಟವೆಲ್ ಹೊದಿಸಿದೆ, ದಿಂಬು ತುರುಕಿದೆ. ಕೊನೆಗೆ ರಟ್ಟಿನ ಡಬ್ಬದ ಮೇಲೆ ಹೊಡೆದೆ. ಆದರೂ ನಿಮ್ಮದು ಬರಲಿಲ್ಲ."

ಅಂಥ ಏಟು ಹೊಡೆದ ನೆನಪೇ ನನಗಿಲ್ಲ. ಕೈ ತಾನಾಗಿ ಮಾಡಿರಬೇಕು. ಪ್ರತಿಭೆ ಎಂದರೆ ಅದೇ ತಾನೇ?

"ಅದು ಗುಟ್ಟು," ಎಂದೆ.

"ಒಂದ್ಸಲ ನುಡಿಸಿ ತೋರಿಸಿ."

ಮಣಿಕಟ್ಟು ನೋಯುತ್ತಿದೆ ಎಂದೆ. ಥರ್ಮನ್ ಕಿಟಕಿಯಾಚೆ ನೋಡಿದ. ಹುಡುಗಿ ಪಾಪ, ಓಡಿಹೋಗಿ ಮಂಜುಗಡ್ಡೆ ತಂದು ಬಟ್ಟೆಯಲ್ಲಿ ಸುತ್ತಿ ನನ್ನ ಮಣಿಕಟ್ಟಿಗೆ ಕಟ್ಟಿದಳು. ಅರ್ಧ ಗಂಟೆ ಚಳಿಯಲ್ಲಿ ಕೂತು, ನೋಯದ ಕೈ ಮರಗಟ್ಟಿಸಿಕೊಂಡು, ಅವಳು ನುಡಿಸುವುದನ್ನು ಕೇಳಿದೆ. ಒಂದರ ಮೇಲೆ ಬೀಳುತ್ತಾಳೆ. ಪ್ರತಿ ಸಲ. ಕಣ್ಣು ಮುಚ್ಚಿಕೊಂಡು.

ಅಕ್ಟೋಬರ್ 2

ಒಂದು ವಾರದಿಂದ ಗ್ಯಾರೇಜಿನಲ್ಲಿ ಒಬ್ಬನೇ ಕೂತು ಆ ಎರಡು ಏಟು ಅಭ್ಯಾಸ ಮಾಡುತ್ತಿದ್ದೇನೆ. ಬರುತ್ತಿಲ್ಲ. ಏಟು ಹೊಡೆದರೆ ಒಂದಕ್ಕೆ ತಡವಾಗುತ್ತೇನೆ. ಒಂದಕ್ಕೆ ಸರಿಯಾಗಿ ಬಂದರೆ ಏಟು ಬಿಟ್ಟುಹೋಗುತ್ತದೆ. ನನ್ನದೇ ತಾಳ ನನಗೇ ಕೈಗೆಟುಕುತ್ತಿಲ್ಲ! ರೆನಾಟಾ ರಟ್ಟಿನ ಡಬ್ಬ ಎಂದಿದ್ದಳು. ಅದನ್ನೂ ಹೊಡೆದು ನೋಡಿದೆ, ಡಬ್ಬ ಹರಿಯಿತು.

ಬಸ್ ಡಿಪೋಗೆ ಕಾಲು ಗಂಟೆ ಮೊದಲೇ ಹೋಗುತ್ತಿದ್ದೇನೆ. ಸ್ಟೀರಿಂಗ್ ಚಕ್ರದ ಮೇಲೆ ಅಭ್ಯಾಸ ಮಾಡಲು ಅದೊಂದೇ ಹೊತ್ತು.

ಅಕ್ಟೋಬರ್ 10, ಮಂಗಳವಾರ

ಇವತ್ತಿನದನ್ನು ಸಮಾಧಾನವಾಗಿ ಬರೆಯಬೇಕು.

ನಮ್ಮ ಮೂಲ ಕ್ಯಾಸೆಟ್ ಬಿಸ್ಕತ್ತಿನ ಡಬ್ಬದಲ್ಲಿ, ಮೊಳೆಗಳ ಕೆಳಗೆ ಸಿಕ್ಕಿತು. ಟೇಪ್ ರೆಕಾರ್ಡರನ್ನು ರೆಕಾರ್ಡ್ ಮಾಡಿದ ದಿನ ಇಟ್ಟಿದ್ದಲ್ಲೇ, ಗೋಡೆಗೆ ತಾಗಿದ ವಾಷಿಂಗ್ ಮೆಷಿನ್ನಿನ ಮೇಲೆ ಇಟ್ಟು "ಬಿಸಿ ಡಾಂಬರು" ಹಾಕಿದೆ. ಏಟುಗಳು ಇದ್ದವು. ದಪ್ಪಗೆ, ಸ್ಪಷ್ಟವಾಗಿ. ಎದೆಯುಬ್ಬಿತು.

ಎರಡನೇ ಸಲ ಕೇಳುವಾಗ ಕೈಗಳನ್ನು ಎಣಿಸಿದೆ. ಆ ಜಾಗದಲ್ಲಿ ನನ್ನ ಎಡಗೈ ಒಂದು ಡ್ರಮ್ಮಿನ ಮೇಲಿದೆ, ಬಲಗೈ ತಾಳದ ತಟ್ಟೆಯ ಮೇಲಿದೆ, ಕಾಲೂ ಕೆಲಸದಲ್ಲಿದೆ. ಎಲ್ಲ ಕೇಳಿಸುತ್ತಿದೆ. ಹಾಗಾದರೆ ಇದನ್ನು ಹೊಡೆದದ್ದು ಯಾವ ಕೈ?

ಮೂರನೇ ಸಲ ಡ್ರಮ್ಮಿಗೆ ಕೂತು ಕ್ಯಾಸೆಟ್ಟಿನ ಜೊತೆಗೇ ನುಡಿಸಿದೆ. ಹಾಡು ಮುಗಿದು ಕ್ಯಾಸೆಟ್ ನಿಂತಿತು. ನಾನು ನಿಲ್ಲಿಸಲಿಲ್ಲ, ಒಬ್ಬನೇ ಮೆಲ್ಲಗೆ ಮುಂದುವರಿಸಿದೆ. ನಾಲ್ಕು ಎಣಿಸಿ ಮತ್ತೆ ಒಂದಕ್ಕೆ ಬರುವಷ್ಟರಲ್ಲಿ ಗೋಡೆಯಿಂದ ಬಂತು. ದಡ್-ದಡ್.

ಕೋಲು ಕೈಯಲ್ಲಿ ಹಿಡಿದೇ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಬೆಂಡೆಕಾಯಿ. ಅಮ್ಮನ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಉದ್ದ ಪೊರಕೆ.

"ಊಟ ತಣ್ಣಗಾಗುತ್ತೆ ಅಂತ ಬಡಿದೆಯಾ?"

"ಇನ್ನೂ ಬೆಂದೇ ಇಲ್ಲ."

"ಸದ್ದು ಜಾಸ್ತಿ ಆಯ್ತಾ?"

"ಒಂಬತ್ತು ವರ್ಷ ಆಗದ್ದು ಇವತ್ತು ಯಾಕಾಗುತ್ತೆ?"

"ಮತ್ಯಾಕೆ ಬಡಿದೆ?"

ಅವಳು ಬೆಂಡೆಕಾಯಿ ತಿರುವಿದಳು. "ನೀನು ಹಿಂದೆ ಬೀಳ್ತಿದ್ದೆ ಕಣೋ ಮಗಾ. ಒಂದು ಬಂತು, ಎದ್ದೇಳು ಅಂತ ಬಡಿದೆ. ಯಾವಾಗ್ಲೂ ಅದಕ್ಕೇ ಬಡಿತಿದ್ದಿದ್ದು. ನಿಮ್ಮ ಗದ್ದಲದಲ್ಲಿ ನಿನಗೆ ಕೇಳಿಸ್ತಾನೇ ಇರ್ಲಿಲ್ಲ."

ಕುರ್ಚಿ ಎಳೆದು ಕೂತೆ. ಅವಳು ತಾನು ಹುಟ್ಟಿದ ಜಾರ್ಜಿಯಾ ರಾಜ್ಯದ ಕರಾವಳಿಯ ಮಾತು ತೆಗೆದಳು. ತಾತನ ವಿಷಯ ನನಗೆ ಗೊತ್ತಿದ್ದದ್ದೇ, ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ. ಹೊಸ ವರ್ಷದ ಹಿಂದಿನ ದಿನ ಅವರ ಊರಿನ ಚರ್ಚಿನಲ್ಲಿ ಹಿರಿಯರೆಲ್ಲ ಹಾಡುತ್ತ, ಚಪ್ಪಾಳೆ ತಟ್ಟುತ್ತ, ಪಾದ ಎಳೆಯುತ್ತ ಸುತ್ತು ಹಾಕುತ್ತಿದ್ದರು. ಡ್ರಮ್ ಇಲ್ಲ. ಗುಲಾಮಗಿರಿಯ ಕಾಲದಲ್ಲಿ ಬಿಳಿ ಒಡೆಯರು ಕಿತ್ತುಕೊಂಡದ್ದು, ಆಮೇಲೂ ಇಟ್ಟುಕೊಳ್ಳಲಿಲ್ಲ. ಒಬ್ಬ ಗಂಡಸು ಕುರ್ಚಿಯಲ್ಲಿ ಕೂತು ಪೊರಕೆಯ ಹಿಡಿಯಿಂದ ಹಲಗೆಯ ನೆಲ ಕುಟ್ಟುತ್ತಿದ್ದ. ಆ ಗಂಡಸು ನಮ್ಮ ತಾತ.

"ನಿನಗೆ ಕಲಿಸಿದ್ದು ತಾತಾನಾ?"

"ನಮ್ಮಪ್ಪನಾ? ನನ್ನ ಕೈಗೆ ಆ ಕುಟ್ಟೋ ಕೋಲೇ ಕೊಡಲಿಲ್ಲ. ಹೆಂಗಸರಿಗಲ್ಲ ಅಂದ. ಆದರೆ ಮನೆ ಗುಡಿಸೋ ಕೆಲಸ ಮಾತ್ರ ನನ್ನದೇ ಆಗಿತ್ತಲ್ಲ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಏಮಸ್ ಮಾವನ ಅಂಗಡಿ, ಮೂವತ್ತಾರು ಮಕ್ಕಳು, ಲಾಸ್ ಏಂಜಲೀಸಿನ ಎಲ್ಲ ರೇಡಿಯೋ, ಎಲ್ಲರೂ ಕಾಲು ಕುಟ್ಟುತ್ತಿರುವುದು ನಮ್ಮಮ್ಮನ ಪೊರಕೆಗೆ. ಎಂಟು ತಿಂಗಳು ಒಬ್ಬ ಹುಡುಗಿಯ ಮೇಲೆ ಹೊಟ್ಟೆ ಉರಿಸಿಕೊಂಡೆ. ಈಗ ಹೆತ್ತ ತಾಯಿಯ ಮೇಲೆ ಉರಿಸಿಕೊಳ್ಳುತ್ತಿದ್ದೇನೆ. ಇಂಥ ಗತಿ ಯಾರಿಗೂ ಬೇಡ.

ಅಕ್ಟೋಬರ್ 12

ನಾಳೆ ಶುಕ್ರವಾರ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮ ಇಂಥ ಹಾಡು ಕೇಳುವವಳಲ್ಲ, ಆಲ್ಬಮ್ಮಿನ ಹಿಂದೆ ಏನು ಬರೆದಿದೆ ಎಂದು ಓದುವವಳೂ ಅಲ್ಲ. 'ಆ ತಾಳ ಎಜೆಲ್ ಮಂಗಿನ್ ಅವರದು.' ಬರೆದು ನೋಡಿದೆ. ಚೆನ್ನಾಗಿ ಕಾಣುತ್ತದೆ.

ಸಂಜೆ ಥರ್ಮನ್‌ಗೆ ಫೋನ್ ಮಾಡಿದೆ.

"ಹೇಳು, ಹೆಸರಿನ ಅಕ್ಷರ ಹೆಂಗೆ ಬರ್ಕೊಳ್ಳಲಿ?"

"ಲೆಥಾ ಅಂತ ಬರ್ಕೋ. ಲೆಥಾ ಮಂಗಿನ್."

"ಅದು ಅಮ್ಮನ ಹೆಸರಲ್ವೇನೋ?"

ಹೇಳಿದೆ. ಆಮೇಲೆ ಅವನು ನಗಲು ಶುರು ಮಾಡಿದ, ಕೆಮ್ಮು ಬಂದು ಫೋನ್ ಕೆಳಗಿಟ್ಟ, ಮತ್ತೆ ಎತ್ತಿಕೊಂಡ. "ಮಣಿಕಟ್ಟು ಹೆಂಗಿದೆ?" ಎಂದ ಹರಾಮಿ.

ನಾನೇನು ಸತ್ಯವಂತನಾಗಿ ಹೇಳಲಿಲ್ಲ. ನನ್ನ ಹೆಸರು ಹಾಕಿಸಿಕೊಂಡಿದ್ದರೆ ಅವಳು ಪೊರಕೆ ಮುಟ್ಟಿದಾಗಲೆಲ್ಲ ನಾನು ಬೆಚ್ಚಬೇಕಿತ್ತು. ಮನೆ ದಿನಕ್ಕೆ ಎರಡು ಸಲ ಗುಡಿಸುತ್ತಾಳೆ.

ಅಕ್ಟೋಬರ್ 17, ಮಂಗಳವಾರ

ರೆನಾಟಾ ಮನೆಗೆ ಬಂದಳು. ಅಡುಗೆಮನೆಯ ಗೋಡೆಯಲ್ಲಿ ಬಣ್ಣ ಕಿತ್ತುಹೋದ ಜಾಗಕ್ಕೆ ಅಂಗೈ ಇಟ್ಟು ನಿಂತಳು. "ಇದು ಯಾವ ಡ್ರಮ್ಮು ಅಂತ ಮೂರು ದಿನ ಹುಡುಕಿದೆನಲ್ಲಮ್ಮಾ," ಎಂದಳು.

"ಮನೆ ಕಟ್ಟಿದವನನ್ನ ಕೇಳ್ಬೇಕಿತ್ತು," ಎಂದಳು ಅಮ್ಮ. "ಕೂತ್ಕೋ, ಕೆಂಪನ್ನ ತಿನ್ನು."

ಊಟವಾದ ಮೇಲೆ ರೆನಾಟಾ ನನ್ನನ್ನೇ ಡ್ರಮ್ಮಿಗೆ ಕೂರಿಸಿದಳು. ತಾನು ಅಮ್ಮನ ಪಕ್ಕದಲ್ಲಿ ಗೋಡೆಯ ಆ ಕಡೆ ನಿಂತಳು. ನುಡಿಸಿದೆ. ಗೋಡೆ ದಡ್-ದಡ್ ಎಂದಿತು. ಈ ಸಲ ಅದಕ್ಕಾಗಿಯೇ ಕಾಯುತ್ತಿದ್ದೆ, ಹಾಗಾಗಿ ಎಲ್ಲಿ ಬೀಳಬೇಕೋ ಅಲ್ಲಿ ಬಿದ್ದೆ. ಆ ಕಡೆಯಿಂದ ರೆನಾಟಾ "ಹ್ಞಾಂ!" ಎಂದು ಕೂಗಿದಳು. ಮುಂದಿನ ಸುತ್ತಿಗೆ ಅಮ್ಮ ಬಡಿಯಲೇ ಇಲ್ಲ.

ನವೆಂಬರ್ 20

ಹೋದ ವಾರ ಬಸ್ಸಿನಲ್ಲಿ ಲಟಾಂಜಾ ಕೇಳಿದಳು, "ಅದು ನಿಮ್ಮಮ್ಮಾನೇ ಹೊಡೆದಿದ್ದಂತೆ, ನಿಜಾನಾ?"

"ಯಾರು ಹೇಳಿದ್ದು?"

"ಏಮಸ್ ತಾತ. ಎಲ್ಲರಿಗೂ ಹೇಳ್ತಿದಾರೆ."

ನಿಜ ಎಂದೆ. ಅಂದಿನಿಂದ ಮಕ್ಕಳು ಹತ್ತುವಾಗ ನನಗೆ ನಮಸ್ಕಾರ ಹೇಳುತ್ತಾರೆ. ಅದನ್ನು ಅಮ್ಮನಿಗೆ ತಲುಪಿಸಿ ಎನ್ನುತ್ತಾರೆ.

ಡಿಸೆಂಬರ್ 31, ಭಾನುವಾರ, ಸಂಜೆ

ಹೊಸ ರಕ್ಷಾಪುಟ ನಿನ್ನೆ ಬಂತು. ಚಿಕ್ಕ ಅಕ್ಷರ, ಆದರೆ ಇದೆ: ಪೊರಕೆ — ಲೆಥಾ ಮಂಗಿನ್. ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಆಮೇಲೆ ಕನ್ನಡಕ ತೆಗೆದು ಇನ್ನೊಮ್ಮೆ ಓದಿದಳು.

"ನಮ್ಮಪ್ಪ ಕೋಲು ಕೊಡಲಿಲ್ಲ ಅಂದೆನಲ್ಲ, ಅದು ಸುಳ್ಳು," ಎಂದಳು. "ಒಂದ್ಸಲ ಕೊಟ್ಟಿದ್ದ. ನನಗೆ ಒಂಬತ್ತು ವರ್ಷ, ಅವನಿಗೆ ಜ್ವರ. ಅವತ್ತು ಸುತ್ತು ನಿಲ್ಲಲೇ ಇಲ್ಲ, ಮುದುಕಿಯರೆಲ್ಲ ಕುಣಿದಿದ್ದೇ ಕುಣಿದಿದ್ದು. ನಮ್ಮಪ್ಪ ಬಾಗಿಲಲ್ಲಿ ಕಂಬಳಿ ಹೊದ್ಕೊಂಡು ನೋಡ್ತಾ ನಿಂತಿದ್ದ. ಅದೇ ಕೊನೆ, ಮತ್ತೆ ಮುಟ್ಟೋಕೆ ಬಿಡಲಿಲ್ಲ. ಹೆಂಗಸರಿಗಲ್ಲ ಅನ್ನೋದು ಆಮೇಲೆ ಹುಟ್ಕೊಂಡಿದ್ದು."

"ಯಾಕೆ ಹಾಗೆ ಮಾಡಿದ?"

ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. "ನಿನಗೆ ಗೊತ್ತಿಲ್ವೇನೋ?" ಎಂದಳು.

ಇಲ್ಲಿನ ನಮ್ಮ ಚರ್ಚಿನಲ್ಲಿ ಕರಾವಳಿಯ ಮುದುಕಿಯರು ಏಳೆಂಟು ಜನ ಇದ್ದಾರೆ. ಇವತ್ತು ಸುತ್ತು ಹಾಕುತ್ತಾರಂತೆ. ಕುಟ್ಟುವವರಿಲ್ಲ ಎಂದು ವರ್ಷವರ್ಷವೂ ಬಿಟ್ಟುಬಿಡುತ್ತಿದ್ದರು. ಬೆಳಗ್ಗೆ ನಾನೇ ಹೊಸ ಪೊರಕೆ ತಂದು, ಕಡ್ಡಿ ಕತ್ತರಿಸಿ, ಹಿಡಿಯನ್ನು ಮರಳು ಕಾಗದದಿಂದ ಉಜ್ಜಿ ಅಮ್ಮನಿಗೆ ಕೊಟ್ಟೆ. ನಾನು ಚಪ್ಪಾಳೆಗೆ ನಿಲ್ಲಬೇಕಂತೆ. ರೆನಾಟಾ ನೇರ ಅಲ್ಲಿಗೇ ಬರುತ್ತಾಳೆ.

ಅಮ್ಮ ಆರಕ್ಕೆ ಹೊರಡೋಣ ಎಂದಿದ್ದಳು. ಐದೂ ಮುಕ್ಕಾಲರಿಂದ ಕಾರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಈಗ ಆರೂ ಹತ್ತು. ಇವಳಿಗೆ ಹೊತ್ತಿನ ಮೇಲೆ ಗಮನವೇ ಇಲ್ಲ, ಟೋಪಿ ಸರಿ ಮಾಡಿಕೊಳ್ಳುತ್ತಿರಬೇಕು. ಬಾಗಿಲು ತೆರೆಯಿತು. ಬಂದಳು.

ಕಾರಿನ ನೆತ್ತಿಯ ಮೇಲೆ ಪೊರಕೆಯ ಹಿಡಿಯ ಎರಡು ಏಟು ಬಿದ್ದವು. ಮುಂದಿನ ಒಂದು ನನ್ನದು.